ದೆಹಲಿ ನೋಡಲು ಮೆಟ್ರೋ: ಸಂಸಾರ ಸಮೇತ ಹೋಗುವವರಿಗೆ ಎಲ್ಲಿ ಅನುಕೂಲ, ಎಲ್ಲಿ ಕೈಕೊಡುತ್ತದೆ

ಕರ್ನಾಟಕದಿಂದ ದೆಹಲಿ ನೋಡಲು ಹೊರಡುವ ಕುಟುಂಬಗಳು ಸಾಮಾನ್ಯವಾಗಿ ಟ್ರಾವೆಲ್ಸ್‌ನವರ ಪ್ಯಾಕೇಜು ಬಸ್ಸು ಹಿಡಿಯುತ್ತವೆ, ಇಲ್ಲವೇ ದಿನದ ಲೆಕ್ಕದಲ್ಲಿ ಬಾಡಿಗೆ ಕಾರು ಗೊತ್ತು ಮಾಡಿಕೊಳ್ಳುತ್ತವೆ. ಬಸ್ಸಿನಲ್ಲಿ ಹೋದರೆ ಕೆಂಪುಕೋಟೆಗೆ ಮುಕ್ಕಾಲು ಗಂಟೆ, ಕುತುಬ್ ಮಿನಾರಿಗೆ ಅರ್ಧ ಗಂಟೆ ಎಂದು ಗಡಿಯಾರ ಹಿಡಿದು ಓಡಿಸುತ್ತಾರೆ. ಕಾರು ಮಾಡಿದರೆ ಹಳೆ ದೆಹಲಿಯ ಟ್ರಾಫಿಕ್ಕಿನಲ್ಲಿ ಕೂತು ಮಕ್ಕಳು ರೇಗುತ್ತಾರೆ, ನಿಲ್ಲಿಸಲು ಜಾಗ ಸಿಗುವುದಿಲ್ಲ. 2002ರ ಡಿಸೆಂಬರ್ 24ರಂದು ಶಾಹದರಾ ಮತ್ತು ತೀಸ್ ಹಜಾರಿ ನಡುವೆ ಮೊದಲ ರೈಲು ಓಡಿಸಿದ ದೆಹಲಿ ಮೆಟ್ರೋ ಇಂದು ಪ್ರವಾಸಿಗರಿಗೆ ಬೇಕಾದ ಹೆಚ್ಚುಕಡಿಮೆ ಎಲ್ಲ ಜಾಗಗಳ ಹತ್ತಿರಕ್ಕೂ ಹೋಗುತ್ತದೆ. ತಂಪು, ಸಮಯಕ್ಕೆ ಸರಿಯಾದ ರೈಲು, ಕಡಿಮೆ ದರ. ಹೀಗಿದ್ದೂ ಮೆಟ್ರೋದಲ್ಲಿ ದೆಹಲಿ ನೋಡಿ ಸುಸ್ತಾಗಿ ಬಂದವರಿಗೆ ಕಡಿಮೆಯಿಲ್ಲ. ಕಾರಣ ಒಂದೇ. ನೋಡಬೇಕಾದ ಜಾಗಗಳ ಪಟ್ಟಿ ಬರೆದುಕೊಂಡು, ಬೆಳಗ್ಗೆ ದಕ್ಷಿಣದ ತುದಿ, ಮಧ್ಯಾಹ್ನ ಉತ್ತರದ ತುದಿ, ಸಂಜೆ ಯಮುನೆಯಾಚೆ ಎಂದು ಹೊರಟರೆ ಮೂರು ಸಲ ಮಾರ್ಗ ಬದಲಿಸಿ, ಆರು ಸಲ ತಪಾಸಣೆಗೆ ನಿಂತು ದಿನವೇ ಮುಗಿಯುತ್ತದೆ. ಒಂದು ದಿನಕ್ಕೆ ಒಂದು ಬಣ್ಣದ ಮಾರ್ಗ ಎಂದು ಹಂಚಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ವಾಹನ ದೆಹಲಿಯಲ್ಲಿ ಇಲ್ಲ.

ಮೊದಲು ದುಡ್ಡಿನ ವಿಷಯ. 2025ರ ಆಗಸ್ಟ್ 25ರಿಂದ ಹೊಸ ದರ ಬಂದಿದೆ. ಎರಡು ಕಿಲೋಮೀಟರ್‌ವರೆಗೆ 11 ರೂಪಾಯಿ, ಐದರವರೆಗೆ 21, ಹನ್ನೆರಡರವರೆಗೆ 32, ಇಪ್ಪತ್ತೊಂದರವರೆಗೆ 43, ಮೂವತ್ತೆರಡರವರೆಗೆ 54, ಅದಕ್ಕೂ ಮೇಲೆ 64. ಭಾನುವಾರ ಮತ್ತು ರಾಷ್ಟ್ರೀಯ ರಜಾದಿನಗಳಲ್ಲಿ ಎರಡು ಕಿಲೋಮೀಟರ್ ದಾಟಿದ ಪ್ರಯಾಣಕ್ಕೆ ಇದಕ್ಕಿಂತ ಒಂದು ಮೆಟ್ಟಿಲು ಕಡಿಮೆ. ಹನ್ನೆರಡು ಕಿಲೋಮೀಟರ್‌ಗೆ 32ರ ಬದಲು 21 ಕೊಟ್ಟರೆ ಸಾಕು. ನಮ್ಮ ಮೆಟ್ರೋದಲ್ಲಿ 2025ರ ಫೆಬ್ರವರಿಯ ಏರಿಕೆಯ ನಂತರ ಗರಿಷ್ಠ ದರ 90 ಆದದ್ದನ್ನು ನೆನೆದರೆ ಬೆಂಗಳೂರಿನವರಿಗೆ ಇದು ಹಗುರ ಎನಿಸುತ್ತದೆ. ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ಮಾರ್ಗಕ್ಕೆ ಮಾತ್ರ ದರ ಬೇರೆ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ. ಇಲ್ಲಿ ನೋಡುವುದು ವಯಸ್ಸನ್ನಲ್ಲ, ಎತ್ತರವನ್ನು.

ಟಿಕೆಟ್ ಯಾವ ರೂಪದಲ್ಲಿ ಕೊಳ್ಳಬೇಕು ಎಂಬಲ್ಲಿ ಬಹಳ ಕುಟುಂಬಗಳು ಎಡವುತ್ತವೆ. ಹಳೆಯ ಪ್ಲಾಸ್ಟಿಕ್ ಟೋಕನ್ನು ಈಗಿಲ್ಲ, ಕ್ಯೂಆರ್ ಮುದ್ರಿಸಿದ ಕಾಗದದ ಚೀಟಿ ಕೊಡುತ್ತಾರೆ. ಒಳಗೆ ಹೋಗುವಾಗ ತೋರಿಸಿದ ಅದೇ ಚೀಟಿಯನ್ನು ಹೊರಬರುವಾಗಲೂ ತೋರಿಸಬೇಕು. ಮಕ್ಕಳ ಕೈಗೆ ಕೊಟ್ಟರೆ ಮುದುಡಿ ಹೋಗುತ್ತದೆ, ಬೆವರಿಗೆ ಒದ್ದೆಯಾದರೆ ಯಂತ್ರ ಓದುವುದಿಲ್ಲ. ಮೊಬೈಲಿನಲ್ಲಿ ಎಲ್ಲರ ಟಿಕೆಟ್ಟನ್ನೂ ಒಬ್ಬರೇ ತೆಗೆದುಕೊಂಡರೆ ಪ್ರತಿಯೊಬ್ಬರ ಕ್ಯೂಆರನ್ನೂ ಒಂದೊಂದಾಗಿ ಸರಿಸಿ ತೋರಿಸಬೇಕು. ಐದು ಜನರ ಸಂಸಾರ ಗೇಟಿನಲ್ಲಿ ಹೀಗೆ ನಿಂತರೆ ಹಿಂದಿನವರು ಕೂಗುವುದು ಖಂಡಿತ. ತಲೆಗೊಂದು ಸ್ಮಾರ್ಟ್ ಕಾರ್ಡು ಇದ್ದರೆ ಈ ತಾಪತ್ರಯವಿಲ್ಲ. ಪ್ರತಿ ಪ್ರಯಾಣಕ್ಕೆ ಶೇ. 10 ರಿಯಾಯಿತಿ ಇದೆ. ಬೆಳಗ್ಗೆ 8ರೊಳಗೆ, ಮಧ್ಯಾಹ್ನ 12ರಿಂದ 5ರ ನಡುವೆ, ರಾತ್ರಿ 9ರ ನಂತರ ಮತ್ತೊಂದು ಶೇ. 10 ಸಿಗುತ್ತದೆ. ಒಂದೇ ಕಾರ್ಡನ್ನು ಇಬ್ಬರಿಗೆ ಒತ್ತಲು ಆಗುವುದಿಲ್ಲ. ಒಬ್ಬರು ಒಳಹೋದರೆ ಅವರು ಹೊರಬರುವವರೆಗೆ ಆ ಕಾರ್ಡು ಇನ್ನೊಬ್ಬರಿಗೆ ಗೇಟು ತೆರೆಯುವುದಿಲ್ಲ.

ಬೆಂಗಳೂರಿನವರು ಕಪಾಟಿನಲ್ಲಿ ಒಮ್ಮೆ ಹುಡುಕಿ ಹೊರಡಿ. ನಮ್ಮ ಮೆಟ್ರೋ ಕೊಡುವ ರುಪೇ ಎನ್‌ಸಿಎಂಸಿ ಕಾರ್ಡು, ಅಂದರೆ ಬೇರೆ ಬೇರೆ ಊರುಗಳ ಸಾರಿಗೆಗೆ ಒಂದೇ ಆಗಿ ನಡೆಯುವ ಕಾರ್ಡು, ದೆಹಲಿಯ ಗೇಟುಗಳಲ್ಲೂ ನಡೆಯುತ್ತದೆ. ಹಳೆಯ ಸಾಮಾನ್ಯ ನಮ್ಮ ಮೆಟ್ರೋ ಕಾರ್ಡು ನಡೆಯುವುದಿಲ್ಲ, ಮೇಲೆ ರುಪೇ ಗುರುತು ಇರಬೇಕು. ಫೋನಿನಿಂದ ದುಡ್ಡು ತುಂಬಿದ ತಕ್ಷಣ ಅದು ಕಾರ್ಡಿನ ಚಿಪ್ಪಿಗೆ ಇಳಿದಿರುವುದಿಲ್ಲ. ಸ್ಟೇಷನ್ನಿನ ಯಂತ್ರಕ್ಕೆ ಕಾರ್ಡು ಹಿಡಿದು ಅದನ್ನು ಇಳಿಸಿಕೊಳ್ಳಬೇಕು. ಇದನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೋದರೆ ದೆಹಲಿಗೆ ಇಳಿದ ಮೊದಲ ಗಳಿಗೆಯಲ್ಲಿ, ಲಗೇಜು ಕಾಲಡಿ ಇಟ್ಟುಕೊಂಡು ಕೌಂಟರಿನ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಪ್ರವಾಸಿಗರಿಗೆಂದೇ ಒಂದು ದಿನದ ಕಾರ್ಡು 200 ರೂಪಾಯಿಗೆ, ಮೂರು ದಿನದ್ದು 500ಕ್ಕೆ ಇದೆ. ಎರಡರಲ್ಲೂ 50 ರೂಪಾಯಿ ಠೇವಣಿ, ಕಾರ್ಡು ಹಿಂದಿರುಗಿಸಿದರೆ ವಾಪಸ್ಸು. ಎಷ್ಟು ಬೇಕಾದರೂ ಓಡಾಡಬಹುದು ಎಂಬ ಮಾತು ಕೇಳಲು ಚೆನ್ನ. ಆದರೆ ಲೆಕ್ಕ ಹಾಕಿ ನೋಡಿ: 32 ರೂಪಾಯಿಯ ನಾಲ್ಕು ಪ್ರಯಾಣಕ್ಕೆ 128, ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಕಳೆದರೆ 115ರ ಹತ್ತಿರ. ಪ್ರವಾಸಿ ಕಾರ್ಡಿಗೆ ದಿನಕ್ಕೆ 150 ಬೀಳುತ್ತದೆ. ಮಕ್ಕಳು, ಹಿರಿಯರು ಜೊತೆಗಿರುವ ಯಾವ ಕುಟುಂಬವೂ ದಿನಕ್ಕೆ ಐದಾರು ಸಲ ರೈಲು ಹತ್ತುವುದಿಲ್ಲ, ಹತ್ತಲೂ ಬಾರದು. ಹಾಗಾಗಿ ಈ ಕಾರ್ಡು ಕುಟುಂಬಗಳಿಗಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ಊರಿಗೆ ಇಳಿಯುವುದು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದರೆ ನ್ಯೂ ಡೆಲ್ಲಿ ಸ್ಟೇಷನ್ನು. ಮೆಟ್ರೋ ಇರುವುದು ಅಜ್ಮೇರಿ ಗೇಟಿನ ಕಡೆ, ಪಹಾಡ್‌ಗಂಜ್ ಕಡೆ ಅಲ್ಲ. ಪಹಾಡ್‌ಗಂಜ್ ಕಡೆ ಇಳಿದುಬಿಟ್ಟರೆ ಲಗೇಜು ಹೊತ್ತು ಇಡೀ ಪ್ಲಾಟ್‌ಫಾರಂ ಸೇತುವೆ ದಾಟಿ ವಾಪಸ್ಸು ಬರಬೇಕಾಗುತ್ತದೆ. ಜೊತೆಗೆ ಅಲ್ಲಿ "ನೀವು ಬುಕ್ ಮಾಡಿದ ಹೋಟೆಲು ಮುಚ್ಚಿದೆ, ಆ ರಸ್ತೆ ಬಂದ್, ಟೂರಿಸ್ಟ್ ಆಫೀಸಿಗೆ ಕರೆದೊಯ್ಯುತ್ತೇವೆ" ಎನ್ನುವವರು ಗಂಟು ಬೀಳುತ್ತಾರೆ. ಉತ್ತರ ಕೊಡದೆ ಮುಂದೆ ನಡೆಯಿರಿ. ರಾಜಧಾನಿ ಅಥವಾ ಕರ್ನಾಟಕ ಸಂಪರ್ಕ ಕ್ರಾಂತಿಯಲ್ಲಿ ಬಂದರೆ ಇಳಿಯುವುದು ಹಜ್ರತ್ ನಿಜಾಮುದ್ದೀನ್. ಅಲ್ಲಿ ಪಿಂಕ್ ಮಾರ್ಗದ ಸರಾಯ್ ಕಾಲೇ ಖಾನ್–ನಿಜಾಮುದ್ದೀನ್ ಸ್ಟೇಷನ್ನಿದೆ. ರಾಜಧಾನಿ ಮುಂಜಾನೆಯೇ ತಲುಪಿಸುತ್ತದೆ. ಭಾನುವಾರವಾದರೆ ಪಿಂಕ್ ಮಾರ್ಗದ ಮೊದಲ ರೈಲು ಉಳಿದ ದಿನಗಳಿಗಿಂತ ತಡವಾಗಿ ಹೊರಡುತ್ತದೆ. ಆ ದಿನ ಲಗೇಜಿನೊಂದಿಗೆ ಕಾಯುವುದಕ್ಕಿಂತ ಆ್ಯಪಿನಲ್ಲಿ ಟ್ಯಾಕ್ಸಿ ಕರೆಯುವುದೇ ಮೇಲು.

ಉಳಿದುಕೊಳ್ಳಲು ಪಹಾಡ್‌ಗಂಜ್ ಅಗ್ಗ, ಕರೋಲ್ ಬಾಗ್ ರೂಢಿ. ಆದರೆ ಮೆಟ್ರೋ ನಂಬಿ ಹೊರಟವರಿಗೆ ಲಾಜಪತ್ ನಗರದ ಆಸುಪಾಸು ಹೆಚ್ಚು ಸರಿ. ಅಲ್ಲಿ ವಯಲೆಟ್ ಮತ್ತು ಪಿಂಕ್ ಮಾರ್ಗ ಎರಡೂ ಸೇರುತ್ತವೆ, ನಿಜಾಮುದ್ದೀನಿನಿಂದ ಮೂರನೆಯ ಸ್ಟೇಷನ್ನು. ಪಕ್ಕದ ಡಿಫೆನ್ಸ್ ಕಾಲೊನಿ ಮಾರುಕಟ್ಟೆಯಲ್ಲೇ ಕಾರ್ಕಳದ ಕಡೆಯ ಜಯರಾಮ ಬನಾನ್ 1986ರಲ್ಲಿ ಸಾಗರ್ ರತ್ನ ಶುರು ಮಾಡಿದ್ದು. ಎರಡನೆಯ ದಿನಕ್ಕೇ ರೊಟ್ಟಿ, ದಾಲು ಬೇಡವಾಗಿ ಇಡ್ಲಿ ಎಂದು ಹಟ ಹಿಡಿಯುವ ಮಕ್ಕಳಿರುವ ಮನೆಯವರಿಗೆ ಇದು ಸಣ್ಣ ವಿಷಯವಲ್ಲ.

ಸೋಮವಾರ ಎಚ್ಚರ

ಮಾರ್ಗಗಳ ಮಾತಿಗೆ ಮೊದಲು ವಾರದ ಮಾತು. ದೆಹಲಿ ಪ್ರವಾಸ ಕೆಡುವುದು ಸೋಮವಾರ. ಕೆಂಪುಕೋಟೆ, ಅಕ್ಷರಧಾಮ, ಲೋಟಸ್ ಟೆಂಪಲ್, ರಾಷ್ಟ್ರೀಯ ವಸ್ತುಸಂಗ್ರಹಾಲಯ, ರೈಲು ವಸ್ತುಸಂಗ್ರಹಾಲಯ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ಗಾಂಧಿ ಸ್ಮೃತಿ ಎಲ್ಲಕ್ಕೂ ಅಂದೇ ರಜೆ. ಸರೋಜಿನಿ ನಗರದ ಮಾರುಕಟ್ಟೆಯೂ ಮುಚ್ಚಿರುತ್ತದೆ. ವಾರಾಂತ್ಯಕ್ಕೆ ಸೋಮವಾರ ಸೇರಿಸಿ ರಜೆ ಹಾಕಿ ಬರುವವರಿಗೆ ಮೂರರಲ್ಲಿ ಒಂದು ದಿನ ಹೀಗೆ ಬಾಗಿಲು ನೋಡುವುದರಲ್ಲಿ ಹೋಗುತ್ತದೆ. ಸೋಮವಾರಕ್ಕೆಂದೇ ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಇಂಡಿಯಾ ಗೇಟ್, ರಾಷ್ಟ್ರೀಯ ಯುದ್ಧ ಸ್ಮಾರಕ, ಲೋಧಿ ಉದ್ಯಾನ, ಬಂಗ್ಲಾ ಸಾಹಿಬ್ ಗುರುದ್ವಾರ ಇಟ್ಟುಕೊಳ್ಳಿ, ಇವು ಅಂದೂ ತೆರೆದಿರುತ್ತವೆ. ಮೃಗಾಲಯಕ್ಕೆ ಮಾತ್ರ ಶುಕ್ರವಾರ ರಜೆ. ಒಂದು ದಿನ ಆಗ್ರಾಕ್ಕೆ ಹೋಗಿಬರುವವರಿಗೆ ತಾಜ್ ಮಹಲ್ ಕೂಡ ಶುಕ್ರವಾರ ಇಲ್ಲ.

ವಯಲೆಟ್: ಮೊದಲ ದಿನಕ್ಕೆ ಇದೇ

ಪ್ರವಾಸಿಗೆ ಅತಿ ಉಪಯುಕ್ತ ಮಾರ್ಗ ವಯಲೆಟ್. ಐಟಿಒದಿಂದ ಕಾಶ್ಮೀರಿ ಗೇಟಿನವರೆಗಿನ ತುಂಡು 2017ರ ಮೇ ತಿಂಗಳಲ್ಲಿ ತೆರೆಯಿತು. ಆಮೇಲೆ ಹಳೆ ದೆಹಲಿ ನೋಡುವ ಕಷ್ಟವೇ ಅರ್ಧವಾಯಿತು. ಲಾಲ್ ಕಿಲಾ, ಜಾಮಾ ಮಸ್ಜಿದ್, ದಿಲ್ಲಿ ಗೇಟ್, ಐಟಿಒ, ಮಂಡಿ ಹೌಸ್, ಜನಪಥ್, ಸೆಂಟ್ರಲ್ ಸೆಕ್ರೆಟರಿಯೇಟ್, ಖಾನ್ ಮಾರ್ಕೆಟ್, ಜೆಎಲ್‌ಎನ್ ಸ್ಟೇಡಿಯಂ, ಮುಂದೆ ಕಾಲ್ಕಾಜಿ ಮಂದಿರ. ಕೆಂಪುಕೋಟೆಯಿಂದ ಲೋಟಸ್ ಟೆಂಪಲ್‌ವರೆಗೆ ಒಂದೇ ರೈಲು, ಎಲ್ಲೂ ಬದಲಿಸಬೇಕಿಲ್ಲ.

ಬೆಳಗ್ಗೆ ಲಾಲ್ ಕಿಲಾ ಸ್ಟೇಷನ್ನಿನಲ್ಲಿ ಇಳಿದರೆ ಕೋಟೆ ಎದುರಿಗೇ. ಲಾಹೋರಿ ದರ್ವಾಜಾದಿಂದ ಪ್ರವೇಶ. ಭಾರತೀಯ ಪುರಾತತ್ವ ಇಲಾಖೆಯ ಟಿಕೆಟ್ಟನ್ನು ಫೋನಿನಲ್ಲೇ ತೆಗೆದುಕೊಳ್ಳಿ. ಕೌಂಟರಿಗಿಂತ ಅಗ್ಗ, ಉದ್ದದ ಸಾಲೂ ತಪ್ಪುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ದಿವಾನ್-ಎ-ಆಮ್, ದಿವಾನ್-ಎ-ಖಾಸ್ ನೋಡಿ ಹೊರಟುಬಿಡುವವರೇ ಹೆಚ್ಚು. ಒಳಗಿನ ಬ್ರಿಟಿಷ್ ಬ್ಯಾರಕ್ಕುಗಳಲ್ಲಿ 2019ರಲ್ಲಿ ತೆರೆದ ಸಂಗ್ರಹಾಲಯಗಳನ್ನು ಬಿಡಬೇಡಿ. ನೇತಾಜಿ ಮತ್ತು ಆಜಾದ್ ಹಿಂದ್ ಫೌಜಿನ ವಿಭಾಗವಂತೂ ಪಾಠದಲ್ಲಿ ಓದಿದ ಮಕ್ಕಳಿಗೆ ಕೋಟೆಗಿಂತ ಹೆಚ್ಚು ಮನಸ್ಸಿಗೆ ಇಳಿಯುತ್ತದೆ. ಆ ಫೌಜಿನ ಅಧಿಕಾರಿಗಳ ವಿಚಾರಣೆ 1945–46ರಲ್ಲಿ ನಡೆದದ್ದು ಇದೇ ಕೋಟೆಯೊಳಗೆ. ಆಗಸ್ಟ್ 15ರ ಮುಂಚಿನ ದಿನಗಳಲ್ಲಿ ಮಾತ್ರ ಕೋಟೆಯನ್ನು ಸಾರ್ವಜನಿಕರಿಗೆ ಮುಚ್ಚುತ್ತಾರೆ.

ಕೋಟೆಯಿಂದ ಹೊರಬಂದು ರಸ್ತೆ ದಾಟಿದರೆ ಚಾಂದನಿ ಚೌಕ. ಹಗಲು ಹೊತ್ತು ಮುಖ್ಯ ಬೀದಿಗೆ ಮೋಟಾರು ವಾಹನ ಬಿಡುವುದಿಲ್ಲ, ಆದ್ದರಿಂದ ಮಕ್ಕಳ ಕೈ ಹಿಡಿದು ನಿರಾಳವಾಗಿ ನಡೆಯಬಹುದು. ತುದಿಯಲ್ಲೇ ದಿಗಂಬರ ಜೈನ ಲಾಲ್ ಮಂದಿರ ಮತ್ತು ಅದರ ಹಕ್ಕಿಗಳ ಆಸ್ಪತ್ರೆ, ಪಕ್ಕದಲ್ಲಿ ಗೌರಿಶಂಕರ ದೇವಸ್ಥಾನ, ಸ್ವಲ್ಪ ಮುಂದೆ ಶೀಶ್‌ಗಂಜ್ ಗುರುದ್ವಾರ, ಬೀದಿಯ ಕೊನೆಗೆ ಫತೇಪುರಿ ಮಸೀದಿ. ಒಟ್ಟು ಒಂದೂವರೆ ಕಿಲೋಮೀಟರ್ ಒಳಗೆ. ಮೊಣಕಾಲು ನೋವಿನ ಹಿರಿಯರಿಗೆ ಸೈಕಲ್ ರಿಕ್ಷಾ ಉಂಟು. ಹತ್ತುವ ಮುಂಚೆ ದರ ಮಾತಾಡಿ, "ತಲೆಗೋ ರಿಕ್ಷಾಕ್ಕೋ" ಎಂದು ಬಿಡಿಸಿ ಕೇಳಿ, ಇಳಿಯುವಾಗ ಜಗಳವಾಗುವುದೇ ಈ ಒಂದು ಮಾತಿಗೆ. ಪರಾಠೆವಾಲಿ ಗಲ್ಲಿಯ ಪರಾಠೆ ತವೆಯ ಮೇಲೆ ಬೇಯಿಸಿದ್ದಲ್ಲ, ತುಪ್ಪದಲ್ಲಿ ಕರಿದದ್ದು. ಒಬ್ಬರಿಗೆ ಒಂದು ಸಾಕು, ಸಣ್ಣ ಮಕ್ಕಳ ಹೊಟ್ಟೆಗೆ ಅದೂ ಭಾರ. ಭಾನುವಾರ ಅಂಗಡಿಗಳು ಬಹಳ ಮಟ್ಟಿಗೆ ಮುಚ್ಚಿರುತ್ತವೆ. ಖರೀದಿಗೆ ಹೋಗುವವರಿಗೆ ಅಂದು ವ್ಯರ್ಥ, ಬರೀ ಬೀದಿ ನೋಡುವವರಿಗೆ ಅಂದೇ ಸುಖ. ಜಾಮಾ ಮಸೀದಿಗೆ ನಮಾಜಿನ ಹೊತ್ತು ತಪ್ಪಿಸಿ ಹೋಗಿ, ಮೈ ಮುಚ್ಚುವ ಬಟ್ಟೆ ಇರಲಿ.

ಅಲ್ಲಿಂದ ಮತ್ತೆ ವಯಲೆಟ್. ಫರೀದಾಬಾದ್ ಕಡೆಯ ರೈಲಿನ ಮೇಲೆ ರಾಜಾ ನಾಹರ್ ಸಿಂಗ್ ಎಂದೋ ಬದರ್‌ಪುರ್ ಎಂದೋ ಇರುತ್ತದೆ. ಪ್ರವಾಸಿ ಇಳಿಯುವ ಎಲ್ಲ ಸ್ಟೇಷನ್ನುಗಳೂ ಅದಕ್ಕೆ ಮುಂಚೆಯೇ ಬರುವುದರಿಂದ ಯಾವುದಕ್ಕೆ ಹತ್ತಿದರೂ ನಡೆಯುತ್ತದೆ. ಲೋಟಸ್ ಟೆಂಪಲ್ಲಿಗೆ ಕಾಲ್ಕಾಜಿ ಮಂದಿರ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. 1986ರಲ್ಲಿ ತೆರೆದ ಈ ಬಹಾಯಿ ಮಂದಿರಕ್ಕೆ ಪ್ರವೇಶ ಉಚಿತ. ಚಪ್ಪಲಿಗೆ ಚೀಲ ಕೊಡುತ್ತಾರೆ, ಒಳಗೆ ಪೂರ್ತಿ ಮೌನ. ತೊದಲು ಮಾತಿನ ಮಗು ಇದ್ದರೆ ದೊಡ್ಡವರು ಸರದಿಯ ಮೇಲೆ ಒಳಗೆ ಹೋಗಿಬರುವುದು ಒಳ್ಳೆಯದು.

ಮೆಟ್ರೋ ಕೈಕೊಡುವುದು ಎಲ್ಲಿ

ಸ್ಟೇಷನ್ನಿನ ಹೆಸರು ನೋಡಿ ಮೋಸ ಹೋಗುವುದು ಇಲ್ಲಿ ಸಾಮಾನ್ಯ. ಕುತುಬ್ ಮಿನಾರ್ ಸ್ಟೇಷನ್ನಿನಿಂದ ಮಿನಾರ್ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ, ರಸ್ತೆಯ ಪಕ್ಕ ನೆಮ್ಮದಿಯಾಗಿ ನಡೆಯುವಂತೆಯೂ ಇಲ್ಲ. ಹುಮಾಯೂನ್ ಸಮಾಧಿಗೆ ಜೆಎಲ್‌ಎನ್ ಸ್ಟೇಡಿಯಂನಲ್ಲಿ ಇಳಿದರೂ ಸುಮಾರು ಎರಡು ಕಿಲೋಮೀಟರ್. ಇಂಡಿಯಾ ಗೇಟಿಗೆ ಸೆಂಟ್ರಲ್ ಸೆಕ್ರೆಟರಿಯೇಟಿನಿಂದ ಕರ್ತವ್ಯ ಪಥದ ಉದ್ದಕ್ಕೂ ನಡೆಯಬೇಕು. ಚಳಿಗಾಲದ ಸಂಜೆ ಅದು ಸೊಗಸು, ಮೇ ತಿಂಗಳ ಮಧ್ಯಾಹ್ನ ಮಕ್ಕಳಿಗೆ ಶಿಕ್ಷೆ. ತೀನ್ ಮೂರ್ತಿಗೆ ಲೋಕ ಕಲ್ಯಾಣ್ ಮಾರ್ಗದಿಂದ, ರಾಜಘಾಟಿಗೆ ದಿಲ್ಲಿ ಗೇಟಿನಿಂದ ಹೋಗುವಾಗಲೂ ಇದೇ ಕತೆ.

ಈ ಕೊನೆಯ ತುಂಡಿಗೆ ದಾರಿ ಎರಡು. ಸ್ಟೇಷನ್ನಿನ ಹೊರಗೆ ಷೇರ್ ಇ-ರಿಕ್ಷಾ ಸಿಗುವ ಕಡೆ ತಲೆಗೆ ಹತ್ತಿಪ್ಪತ್ತು ರೂಪಾಯಿ. ಆದರೆ ನವದೆಹಲಿಯ ಸರ್ಕಾರಿ ವಲಯದ ರಸ್ತೆಗಳಿಗೆ ಅವು ಬರುವುದಿಲ್ಲ, ಅಲ್ಲಿ ಆಟೋ. ಆಟೋದವರು ಮೀಟರ್ ಹಾಕಲು ಒಪ್ಪುವುದು ಅಪರೂಪ, ಪ್ರವಾಸಿ ಜಾಗದ ಹೆಸರು ಹೇಳಿದೊಡನೆ ದರ ಏರುತ್ತದೆ. ಆ್ಯಪಿನಲ್ಲಿ ಕರೆದರೆ ಮಾತಿಲ್ಲ. ಹೊರಬರುವ ಮುಂಚೆಯೇ ಗೇಟಿನ ಸಂಖ್ಯೆ ನೋಡಿ ಆ ಗೇಟಿಗೇ ಕರೆಯಿರಿ. ದೊಡ್ಡ ಸ್ಟೇಷನ್ನುಗಳಲ್ಲಿ ಎಂಟು ಗೇಟುಗಳವರೆಗೂ ಇರುತ್ತವೆ, ತಪ್ಪು ಗೇಟಿನಲ್ಲಿ ಹೊರಬಿದ್ದರೆ ಆಟೋದವನು ಅಗಲವಾದ ರಸ್ತೆಯ ಆಚೆ ನಿಂತಿರುತ್ತಾನೆ. ಐದು ಜನರಿದ್ದರೆ ಒಂದು ಆಟೋ ಸಾಲದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಸಲಹೆ ಇಷ್ಟು: ಹುಮಾಯೂನ್ ಸಮಾಧಿ, ಇಂಡಿಯಾ ಗೇಟ್, ಯುದ್ಧ ಸ್ಮಾರಕ, ರಾಜಘಾಟ್ ಈ ನಾಲ್ಕನ್ನು ಒಂದೇ ದಿನಕ್ಕೆ ಕಟ್ಟಿ, ಆ ಒಂದು ದಿನ ಮಾತ್ರ ಕಾರು ಮಾಡಿಕೊಳ್ಳಿ. ಇವೆಲ್ಲ ಅಗಲವಾದ ರಸ್ತೆಗಳ ನವದೆಹಲಿಯ ಸುತ್ತಲೇ ಇವೆ, ಕಾರಿಗೆ ಹೇಳಿ ಮಾಡಿಸಿದಂತಿವೆ. ಬೆಳಗ್ಗೆ ಮೊದಲು ಹುಮಾಯೂನ್ ಸಮಾಧಿ. ಸಮಾಧಿಯ ಪಕ್ಕ 2024ರಲ್ಲಿ ತೆರೆದ ನೆಲದಡಿಯ ಮ್ಯೂಸಿಯಂ ಇದೆ, ಅದರಾಚೆ ಸುಂದರ್ ನರ್ಸರಿಯ ಹುಲ್ಲುಹಾಸು. ಮನೆಯ ಬುತ್ತಿ ಬಿಚ್ಚಿ ಕೂರಲು ದೆಹಲಿಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಕಷ್ಟ. ಊಟಕ್ಕೆ ಅಶೋಕ ರಸ್ತೆಯ ಆಂಧ್ರ ಭವನದ ಕ್ಯಾಂಟೀನು. ಅನ್ನ, ಪಪ್ಪು, ಸಾಂಬಾರು, ಪುಡಿ, ತುಪ್ಪ ಕೇಳಿದಷ್ಟು ಹಾಕುತ್ತಾರೆ. ಭಾನುವಾರ ಬಿರಿಯಾನಿಗೆಂದು ಜನ ನೆರೆಯುತ್ತಾರೆ, ಸಂಸಾರ ಹೋಗುವುದಾದರೆ ವಾರದ ನಡುವೆ, ಹನ್ನೆರಡೂವರೆಯೊಳಗೆ. ಸಂಜೆಗೆ ಇಂಡಿಯಾ ಗೇಟ್, ಅದರ ಹಿಂದೆಯೇ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಯುದ್ಧ ಸ್ಮಾರಕ. ಸೂರ್ಯಾಸ್ತದ ಹೊತ್ತಿಗೆ ಅಲ್ಲಿ ನಡೆಯುವ ಸಮಾರಂಭಕ್ಕೆ ನಿಲ್ಲಿ. ಗೋಡೆಗಳ ಮೇಲೆ ಹೆಸರು ಕೊರೆದಿದ್ದಾರೆ, ಮಕ್ಕಳು ಓದುತ್ತ ನಿಂತುಬಿಡುತ್ತಾರೆ.

ಕುತುಬ್ ಮಿನಾರಿಗೆ ಮೆಟ್ರೋ ಜೊತೆಗೆ ಆಟೋ ಸಾಕು. ಯೆಲ್ಲೋ ಮಾರ್ಗದಲ್ಲಿ ಗುರುಗ್ರಾಮದ ಕಡೆಯ ರೈಲು. ಕೌಂಟರಿನಲ್ಲಿ 40 ರೂಪಾಯಿ, ಆನ್‌ಲೈನಿನಲ್ಲಿ 35. ಮಿನಾರಿನ ಎತ್ತರ ಸುಮಾರು 73 ಮೀಟರ್, ಒಳಗೆ 379 ಮೆಟ್ಟಿಲು. 1981ರ ಕಾಲ್ತುಳಿತದ ದುರಂತದ ನಂತರ ಹತ್ತಲು ಬಿಡುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ. ವಾಪಸ್ಸು ಬರುವಾಗ ಅದೇ ಮಾರ್ಗದಲ್ಲಿ ದಿಲ್ಲಿ ಹಾಟ್–ಐಎನ್‌ಎ ಸ್ಟೇಷನ್ನು, ಗೇಟಿನ ಹೊರಗೇ ದಿಲ್ಲಿ ಹಾಟ್. ಬೇರೆ ಬೇರೆ ರಾಜ್ಯಗಳ ಕರಕುಶಲ ವಸ್ತು, ತಿಂಡಿ ಮಳಿಗೆಗಳು ಒಂದೇ ಆವರಣದಲ್ಲಿ ಸಿಗುತ್ತವೆ. ಅಲ್ಲಿಂದ ಪಟೇಲ್ ಚೌಕಕ್ಕೆ ಹೋದರೆ ಬಂಗ್ಲಾ ಸಾಹಿಬ್. ತಲೆಗೆ ಬಟ್ಟೆ ಬೇಕು, ಇಲ್ಲದವರಿಗೆ ಅಲ್ಲೇ ಕೊಡುತ್ತಾರೆ. ಲಂಗರಿನ, ಅಂದರೆ ಗುರುದ್ವಾರದ ಉಚಿತ ದಾಸೋಹದ, ಊಟ ಎಲ್ಲರಿಗೂ.

ಅಕ್ಷರಧಾಮಕ್ಕೆ ಹೋಗುವಾಗ

ಇದು ಬ್ಲೂ ಮಾರ್ಗದಲ್ಲಿದೆ, ಸ್ಟೇಷನ್ನಿನಿಂದ ನಡೆಯುವ ದೂರ. ಎಡವಟ್ಟಾಗುವುದು ರೈಲಿನಲ್ಲಿ. ಬ್ಲೂ ಮಾರ್ಗ ಯಮುನಾ ಬ್ಯಾಂಕ್ ಸ್ಟೇಷನ್ನಿನಲ್ಲಿ ಎರಡು ಕವಲಾಗುತ್ತದೆ. ಒಂದು ನೋಯ್ಡಾಕ್ಕೆ, ಇನ್ನೊಂದು ವೈಶಾಲಿಗೆ. ಅಕ್ಷರಧಾಮ ಇರುವುದು ನೋಯ್ಡಾ ಕವಲಿನ ಮೇಲೆ. ರಾಜೀವ್ ಚೌಕದಲ್ಲಿ ವೈಶಾಲಿ ರೈಲು ಬಂದರೂ ಹತ್ತಿಬಿಡಬಹುದು, ಆದರೆ ಯಮುನಾ ಬ್ಯಾಂಕಿನಲ್ಲಿ ಇಳಿದು ನೋಯ್ಡಾ ಎಲೆಕ್ಟ್ರಾನಿಕ್ ಸಿಟಿಯ ರೈಲು ಹಿಡಿಯಲೇಬೇಕು. ಬೋರ್ಡಿನ ಮೇಲಿನ ಕೊನೆಯ ಸ್ಟೇಷನ್ನಿನ ಹೆಸರು ಓದಿ ಹತ್ತುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

2005ರಲ್ಲಿ ತೆರೆದ ಈ ಮಂದಿರಕ್ಕೆ ಪ್ರವೇಶ ಉಚಿತ. ಒಳಗಿನ ಪ್ರದರ್ಶನ, ದೋಣಿ ಸವಾರಿ, ಕತ್ತಲಾದ ಮೇಲಿನ ಜಲಪ್ರದರ್ಶನಕ್ಕೆ ಟಿಕೆಟ್ಟು. ಮೊಬೈಲು, ಕ್ಯಾಮೆರಾ, ಸ್ಮಾರ್ಟ್ ವಾಚು, ಚೀಲ, ಹೊರಗಿನ ತಿಂಡಿ ಯಾವುದೂ ಒಳಗಿಲ್ಲ, ಎಲ್ಲ ಕ್ಲೋಕ್‌ರೂಮಿಗೆ. ಇಲ್ಲಿ ಮೂರು ತೊಂದರೆ ಏಳುತ್ತವೆ. ಫೋನಿಲ್ಲದೆ ಯುಪಿಐ ಇಲ್ಲ, ಹಾಗಾಗಿ ಟಿಕೆಟ್ಟು, ತಿಂಡಿಗೆ ಆಗುವಷ್ಟು ನಗದು ಕಿಸೆಯಲ್ಲಿರಬೇಕು. ಗುಂಪಿನಲ್ಲಿ ಒಬ್ಬರು ತಪ್ಪಿಸಿಕೊಂಡರೆ ಕರೆಯಲು ದಾರಿಯಿಲ್ಲ, ಆದ್ದರಿಂದ ಒಳಹೋಗುವ ಮುಂಚೆಯೇ "ಇಂಥ ಕಡೆ, ಇಷ್ಟು ಗಂಟೆಗೆ" ಎಂದು ಎಲ್ಲರಿಗೂ ಹೇಳಿರಬೇಕು, ಮಕ್ಕಳ ಜೇಬಿನಲ್ಲಿ ದೊಡ್ಡವರ ಹೆಸರು, ಫೋನ್ ನಂಬರಿನ ಚೀಟಿ ಇರಬೇಕು. ಮೂರನೆಯದು, ಜಲಪ್ರದರ್ಶನ ಮುಗಿದೊಡನೆ ಎಲ್ಲರೂ ಒಟ್ಟಿಗೆ ಕ್ಲೋಕ್‌ರೂಮಿಗೆ ನುಗ್ಗುತ್ತಾರೆ. ಮನೆಯವರ ಎಲ್ಲ ಫೋನುಗಳನ್ನೂ ಒಂದೇ ಚೀಲದಲ್ಲಿ, ಒಂದೇ ಟೋಕನ್ನಿಗೆ ಕೊಟ್ಟಿದ್ದರೆ ಒಬ್ಬರೇ ಸಾಲಿನಲ್ಲಿ ನಿಂತು ತರಬಹುದು. ಕನಿಷ್ಠ ನಾಲ್ಕು ಗಂಟೆ ಬೇಕಾಗುವ ಜಾಗವಿದು. ಮಧ್ಯಾಹ್ನ ಮೂರಕ್ಕೆ ಹೋದರೆ ಬಿಸಿಲು ಇಳಿದ ಮೇಲೆ ತೋಟ, ಕತ್ತಲಾದ ಮೇಲೆ ಜಲಪ್ರದರ್ಶನ ಎರಡೂ ಸಿಗುತ್ತವೆ.

ರೈಲಿನೊಳಗೆ

ರೈಲು ಚಲಿಸುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ, 2010ರಿಂದ ಈ ನಿಯಮವಿದೆ. ಪ್ಲಾಟ್‌ಫಾರಂ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ. ಅರಿಯದೆ ಹತ್ತಿದ ಗಂಡಸರಿಗೂ ದಂಡ ಬೀಳುತ್ತದೆ. ಗದ್ದಲದ ಹೊತ್ತಿನಲ್ಲಿ ಅಜ್ಜಿ, ತಾಯಿ, ಚಿಕ್ಕ ಮಕ್ಕಳು ಮೊದಲ ಬೋಗಿಗೆ, ಉಳಿದವರು ಎರಡನೆಯದಕ್ಕೆ ಹತ್ತಿದರೆ ಇಳಿಯುವಾಗ ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಯಾವ ಸ್ಟೇಷನ್ನಿನಲ್ಲಿ ಇಳಿಯುವುದು ಎಂದು ಎರಡೂ ಕಡೆಯವರಿಗೆ ಗೊತ್ತಿರಲಿ. ಯಾರಾದರೂ ಪ್ಲಾಟ್‌ಫಾರಂ ಮೇಲೇ ಉಳಿದುಬಿಟ್ಟರೆ ಅವರು ಮುಂದಿನ ರೈಲು ಹತ್ತಬೇಕು, ಹೋದವರು ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಕಾಯಬೇಕು. ಈ ಒಪ್ಪಂದವನ್ನು ಮೊದಲ ದಿನವೇ ಮಾಡಿಕೊಳ್ಳಿ. ನೆಲದ ಮೇಲೆ ಕೂತರೆ ದಂಡ, ದಣಿದ ಮಕ್ಕಳು ಕುಸಿದು ಕೂರುವುದು ಅಲ್ಲೇ. ತಿನ್ನುವುದು, ವಿಡಿಯೊ ಮಾಡುವುದು ಕೂಡದು.

ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟರವರೆಗೆ ರಾಜೀವ್ ಚೌಕ, ಕಾಶ್ಮೀರಿ ಗೇಟ್ ಎರಡೂ ಸಂಸಾರದೊಂದಿಗೆ ಹೋಗುವ ಜಾಗಗಳಲ್ಲ. ಬ್ಲೂ ಮಾರ್ಗದಿಂದ ಕೆಂಪುಕೋಟೆಯ ಕಡೆ ಹೋಗುವವರು ರಾಜೀವ್ ಚೌಕದ ಬದಲು ಮಂಡಿ ಹೌಸಿನಲ್ಲಿ ವಯಲೆಟ್ಟಿಗೆ ಬದಲಿಸಲಿ. ಯೆಲ್ಲೋದಿಂದ ಬರುವವರು ಸೆಂಟ್ರಲ್ ಸೆಕ್ರೆಟರಿಯೇಟಿನಲ್ಲಿ ಬದಲಿಸಲಿ. ಒಂದೆರಡು ಸ್ಟೇಷನ್ನು ಸುತ್ತಾದರೂ ನೂಕುನುಗ್ಗಲು ತಪ್ಪುತ್ತದೆ. ಹೌಜ್ ಖಾಸಿನಲ್ಲಿ ಯೆಲ್ಲೋದಿಂದ ಮೆಜೆಂಟಾಕ್ಕೆ ಬದಲಿಸುವುದು ದೂರದ ನಡಿಗೆ, ಮೆಜೆಂಟಾ ಪ್ಲಾಟ್‌ಫಾರಂ ಸುಮಾರು 29 ಮೀಟರ್ ಆಳದಲ್ಲಿದೆ. ನೆಲದ ಮೇಲೆ ಅಂಟಿಸಿದ ಬಣ್ಣದ ಹೆಜ್ಜೆಗುರುತು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ. ಹಿರಿಯರಿಗೆ ಲಿಫ್ಟು ಎಲ್ಲ ಸ್ಟೇಷನ್ನಿನಲ್ಲೂ ಇದೆ, ಎಲ್ಲ ಗೇಟಿನಲ್ಲೂ ಇಲ್ಲ. ಒಳಬಂದ ಕೂಡಲೇ ಗ್ರಾಹಕ ಸೇವೆಯ ಕಿಟಕಿಯಲ್ಲಿ ಕೇಳಿದರೆ ಲಿಫ್ಟಿರುವ ಗೇಟು ಹೇಳುತ್ತಾರೆ, ಗಾಲಿಕುರ್ಚಿಯನ್ನೂ ಕೊಡುತ್ತಾರೆ. ಶೌಚಾಲಯ ಗೇಟಿನ ಒಳಗಿದೆಯೋ ಹೊರಗೋ ಎಂದು ಕಾರ್ಡು ಒತ್ತುವ ಮುಂಚೆ ಕೇಳಿಕೊಳ್ಳಿ. ಒಳಗೆ ಹೋದಮೇಲೆ ಹೊರಬರುವವರೆಗೆ 170 ನಿಮಿಷದ ಮಿತಿಯಿದೆ, ಮೀರಿದರೆ ಹೆಚ್ಚುವರಿ ಹಣ. ಬಿಸಿಲಿಗೆ ಹೆದರಿ ತಂಪು ಸ್ಟೇಷನ್ನಿನಲ್ಲೇ ಮಧ್ಯಾಹ್ನ ಕಳೆಯಲು ಆಗದು.

ಯಾವ ತಿಂಗಳು

ನಮ್ಮ ಶಾಲೆಗಳ ರಜೆಗೂ ದೆಹಲಿಯ ಹವೆಗೂ ಹೊಂದಾಣಿಕೆ ಕಷ್ಟ. ಏಪ್ರಿಲ್–ಮೇ ರಜೆಯಲ್ಲಿ ಅಲ್ಲಿ 40 ಡಿಗ್ರಿ ದಾಟಿರುತ್ತದೆ. ಹೋಗಲೇಬೇಕಾದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಕೋಟೆ, ಸಮಾಧಿ ಮುಗಿಸಿ, ಹನ್ನೊಂದರಿಂದ ನಾಲ್ಕರವರೆಗೆ ಮ್ಯೂಸಿಯಂಗಳಲ್ಲಿರಿ. ಮೊಹೆಂಜೊದಾರೊದ ನರ್ತಕಿ ಇರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಪ್ರಧಾನಮಂತ್ರಿ ಸಂಗ್ರಹಾಲಯ ಎರಡಕ್ಕೂ ಅರ್ಧರ್ಧ ದಿನ ಕೊಡಬಹುದು. ದಸರಾ ರಜೆಯ ಹವೆ ಹಿತವಾಗಿರುತ್ತದೆ, ದೀಪಾವಳಿಯ ಹೊತ್ತಿಗೆ ಹೊಗೆ ಕವಿಯುತ್ತದೆ, ಉಬ್ಬಸ ಇರುವ ಮಕ್ಕಳನ್ನು ನವೆಂಬರಿನಲ್ಲಿ ಕರೆದೊಯ್ಯಬೇಡಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ದಟ್ಟ ಮಂಜಿಗೆ ರೈಲು, ವಿಮಾನ ಗಂಟೆಗಟ್ಟಲೆ ತಡ. ಆಗಲೂ ಮೆಟ್ರೋ ಮಾತ್ರ ನಡೆಯುತ್ತಿರುತ್ತದೆ. ಜನವರಿ 26ರ ಹಿಂದುಮುಂದಿನ ದಿನಗಳಲ್ಲಿ ತಾಲೀಮಿಗಾಗಿ ಕರ್ತವ್ಯ ಪಥ ಮುಚ್ಚುತ್ತಾರೆ, ಸೆಂಟ್ರಲ್ ಸೆಕ್ರೆಟರಿಯೇಟಿನಂಥ ಸ್ಟೇಷನ್ನುಗಳ ಗೇಟುಗಳನ್ನೂ ಕೆಲವು ಹೊತ್ತು ಹಾಕುತ್ತಾರೆ. ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ ಎಲ್ಲಕ್ಕಿಂತ ಒಳ್ಳೆಯದು. ರಾಷ್ಟ್ರಪತಿ ಭವನದ ಅಮೃತ ಉದ್ಯಾನ ತೆರೆಯುವುದೂ ಆಗಲೇ, ಮುಂಗಡ ನೋಂದಣಿ ಮಾಡಿಕೊಂಡು ಹೋಗಿ.

ಬಿಡುವಿದ್ದರೆ ಕನ್ನಡಿಗರು ನೋಡಬೇಕಾದ ಸ್ಟೇಷನ್ನೊಂದು ಪಿಂಕ್ ಮಾರ್ಗದಲ್ಲಿದೆ. ಅದರ ಹೆಸರು ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ದೆಹಲಿ ಕರ್ನಾಟಕ ಸಂಘದ ಕಟ್ಟಡ ಅಲ್ಲಿಗೆ ಹತ್ತಿರ, ರಾವ್ ತುಲಾ ರಾಮ್ ಮಾರ್ಗದಲ್ಲಿ. ಚಾಣಕ್ಯಪುರಿಯ ರೈಲು ವಸ್ತುಸಂಗ್ರಹಾಲಯಕ್ಕೂ ಅದೇ ಸ್ಟೇಷನ್ನಿನಿಂದ ಆಟೋದಲ್ಲಿ ಸ್ವಲ್ಪವೇ ದೂರ. ಹಳೆಯ ಉಗಿಬಂಡಿಗಳು, ಮಕ್ಕಳ ಪುಟ್ಟ ರೈಲು ಇರುವ ಆ ಜಾಗಕ್ಕೆ ಅರ್ಧ ದಿನ ಕೊಟ್ಟರೂ ಮಕ್ಕಳು ಸಾಕೆನ್ನುವುದಿಲ್ಲ.

ವಿಮಾನದಲ್ಲಿ ವಾಪಸ್ಸು ಹೊರಡುವ ದಿನ ಟಿಕೆಟ್ಟಿನಲ್ಲಿ ಟರ್ಮಿನಲ್ ಸಂಖ್ಯೆ ಓದಿ ಮೆಟ್ರೋ ಹತ್ತಿ. ಟರ್ಮಿನಲ್ 3ಕ್ಕೆ ನ್ಯೂ ಡೆಲ್ಲಿ ಸ್ಟೇಷನ್ನಿನಿಂದ ಎಕ್ಸ್‌ಪ್ರೆಸ್ ಮಾರ್ಗ, ಇಪ್ಪತ್ತು ನಿಮಿಷದ ಹಾದಿ, ಲಗೇಜಿಗೆ ಜಾಗವೂ ಇದೆ. ಟರ್ಮಿನಲ್ 2ಕ್ಕೂ ಅದೇ ಸ್ಟೇಷನ್ನಿನಿಂದ ನಡೆದು ಹೋಗಬಹುದು. ಟರ್ಮಿನಲ್ 1 ಅದರಲ್ಲಿ ಬರುವುದಿಲ್ಲ, ಅದಕ್ಕೆ ಮೆಜೆಂಟಾ ಮಾರ್ಗದ ಟರ್ಮಿನಲ್ 1 ಸ್ಟೇಷನ್ನೇ ಬೇರೆ. ಟರ್ಮಿನಲ್ 3ರಲ್ಲಿ ಇಳಿದು 1ಕ್ಕೆ ಹೋಗಬೇಕೆಂದರೆ ರಸ್ತೆಯಲ್ಲಿ ಮತ್ತೆ ಅರ್ಧ ಗಂಟೆ ಹೋಗುತ್ತದೆ. ಎರಡು ದೊಡ್ಡ ಪೆಟ್ಟಿಗೆಗಿಂತ ಹೆಚ್ಚು ಲಗೇಜಿದ್ದರೆ, ಸಂಜೆ ಆರರ ಹೊತ್ತಾದರೆ, ಆ ಒಂದು ಪ್ರಯಾಣಕ್ಕೆ ಟ್ಯಾಕ್ಸಿ ಕರೆಯಿರಿ.